ಹತ್ತನೆಯ ಹೆಸರು

ಒಬ್ಬ ಕೈದಿಯನ್ನು ಪಕ್ಕದ ಕೌಂಟಿಯ ಜೈಲಿನಲ್ಲಿ ಇರಿಸಿದರೆ ದಿನಕ್ಕೆ ನಲವತ್ತು ಡಾಲರ್. ಊಟ, ಹಾಸಿಗೆ ಅದರಲ್ಲೇ ಬಂತು; ಹಲ್ಲುನೋವು ಬಂದರೆ ಅದರ ಖರ್ಚು ಬೇರೆ. ಅವನನ್ನು ಕೋರ್ಟಿನ ತಾರೀಖಿಗೆ ಕರೆತಂದು ವಾಪಸು ಬಿಡಲು ವ್ಯಾನಿನ ಪೆಟ್ರೋಲು, ಇಬ್ಬರು ಕಾವಲುಗಾರರ ಹೆಚ್ಚುವರಿ ಸಂಬಳ ಸೇರಿ ಪ್ರತಿ ಸಲವೂ ನೂರೈವತ್ತು. ಅದೇ ಕೈದಿಯನ್ನು ಟಾಲಿವರ್ ಕೌಂಟಿಯ ಸ್ವಂತ ಜೈಲಿನಲ್ಲಿ ನೆಲದ ಮೇಲೆ ಮಲಗಿಸಿದರೆ ದಿನಕ್ಕೆ ಹನ್ನೊಂದು ಡಾಲರ್‌ನಲ್ಲಿ ಮುಗಿಯುತ್ತಿತ್ತು. ಹೊಸ ಜೈಲು ಕಟ್ಟುವುದಾದರೆ ಎರಡು ಕೋಟಿ. ಕಲ್ಲಿದ್ದಲು ಗಣಿಗಳು ಬಾಗಿಲು ಹಾಕಿದ ಮೇಲೆ ಕೌಂಟಿಗೆ ಬರುತ್ತಿದ್ದ ತೆರಿಗೆಯಲ್ಲಿ ರಸ್ತೆಯ ಗುಂಡಿ ಮುಚ್ಚುವುದೇ ಕಷ್ಟವಾಗಿತ್ತು. ಹಾಗಾಗಿ ನೆಲದ ಮೇಲೇ ಮಲಗಿಸುತ್ತಿದ್ದರು.

ಕೋರ್ಟ್ ಕಟ್ಟಡದ ಹಿಂದೆ ಗುಡ್ಡಕ್ಕೆ ಬೆನ್ನು ಒತ್ತಿ ನಿಂತಿದ್ದ ಆ ಜೈಲಿನಲ್ಲಿ ಮೂವತ್ತಾರು ಮಂಚಗಳಿದ್ದವು. ಆಗಸ್ಟ್ ತಿಂಗಳ ಆ ವಾರ ಒಳಗಿದ್ದವರು ಎಪ್ಪತ್ತೆಂಟು ಜನ. ಮಂಚ ಸಿಗದವರಿಗೆ ಪ್ಲಾಸ್ಟಿಕ್ಕಿನ ಉದ್ದನೆಯ ತೊಟ್ಟಿಯಂಥ ಹಾಸಿಗೆ ಕೊಡುತ್ತಿದ್ದರು. ಅದಕ್ಕೆ ಎಲ್ಲರೂ ದೋಣಿ ಎನ್ನುತ್ತಿದ್ದರು. ರಾತ್ರಿ ಮೂತ್ರಕ್ಕೆ ಏಳುವವನು ನಾಲ್ಕು ದೋಣಿ ದಾಟಬೇಕಿತ್ತು. ಕೊನೆಯ ದೋಣಿಯ ತಲೆದೆಸೆಗೇ ಕಕ್ಕಸು.

"ವರ್ನಕ್ಕಾ, ದೋಣಿ ಕೊಟ್ರಿ ಸರಿ, ಹುಟ್ಟು ಎಲ್ಲಿ?" ಎಂದು ಒಳಗಿನಿಂದ ಯಾವನಾದರೂ ಕೂಗುತ್ತಿದ್ದ.

"ಹುಟ್ಟು ಕೊಟ್ರೆ ನೀನು ಒಹಾಯೊ ನದಿಗೇ ಹೋಗಿ ಸೇರ್ತೀಯ. ಸುಮ್ನೆ ಬಿದ್ಕೊ" ಎನ್ನುತ್ತಿದ್ದಳು ವರ್ನಾ ಬೆಗ್ಲಿ.

ವರ್ನಾ ಅಲ್ಲಿಯ ಜೈಲರ್. ಕೆಂಟಕಿಯ ಆ ಬೆಟ್ಟಗಳಲ್ಲಿ ಜೈಲರನ್ನು ಜನ ಓಟು ಹಾಕಿ ಆರಿಸುತ್ತಾರೆ. ಮೊದಲು ಅವಳ ಗಂಡ ಎಸ್ಟಿಲ್ ಆಗಿದ್ದ. ಅಧಿಕಾರದಲ್ಲಿರುವಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅಡುಗೆಮನೆಯಲ್ಲಿ ಕೈದಿಗಳಿಗೆ ಬೀನ್ಸ್ ಬೇಯಿಸಿಕೊಂಡಿದ್ದ ಹೆಂಡತಿಯನ್ನು ಕೌಂಟಿಯವರು ಅದೇ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಎರಡು ಸಲ ಓಟಿನಲ್ಲಿ ಗೆದ್ದಳು. ಒಳಗಿದ್ದವರಲ್ಲಿ ಅರ್ಧಕ್ಕರ್ಧ ಜನರ ತಾಯಂದಿರು ಅವಳಿಗೆ ಗೊತ್ತು. ಕೆಲವರಿಗೆ ಅವಳೇ ಚರ್ಚಿನ ಭಾನುವಾರದ ಶಾಲೆಯಲ್ಲಿ ಹಾಡು ಕಲಿಸಿದ್ದಳು.

ಆ ಮಂಗಳವಾರ ರಾಜ್ಯದ ಇನ್ಸ್‌ಪೆಕ್ಟರ್ ಬಂದ. ಮೂಗಿಗೆ ಕರವಸ್ತ್ರ ಹಿಡಿದು ಕೋಣೆ ಕೋಣೆ ಸುತ್ತಿ ತಲೆ ಎಣಿಸಿದ. ಹೋಗುವಾಗ ಒಳ್ಳೆಯ ಮಾತಿನಲ್ಲೇ ಹೇಳಿದ: "ಶುಕ್ರವಾರ ಸಂಜೆ ಹೊತ್ತಿಗೆ ಹತ್ತು ತಲೆ ಕಡಿಮೆ ಆಗಿರ್ಬೇಕು ತಾಯೀ. ಇಲ್ಲದಿದ್ರೆ ಬೀಗ ಹಾಕ್ತೀನಿ. ಅಷ್ಟೂ ಜನಾನ ಬೇರೆ ಕೌಂಟಿಗೆ ಸಾಗಿಸಿ, ಬಿಲ್ಲು ನಿಮ್ಮವರೇ ಕಟ್ಕೊಳ್ಳಿ."

ಎಪ್ಪತ್ತೆಂಟು ತಲೆಗೆ ದಿನಕ್ಕೆ ನಲವತ್ತು ಡಾಲರ್! ಕೌಂಟಿಯ ಮುಖ್ಯಸ್ಥ ಗ್ರೇಡಿ ಫೋನಿನಲ್ಲಿ ಲೆಕ್ಕ ಹಾಕಿ, "ಎರಡು ತಿಂಗಳು ಹಿಂಗಾದ್ರೆ ಶಾಲೆ ಬಸ್ಸು ಮಾರ್ಬೇಕಾಗುತ್ತೆ ವರ್ನಾ" ಎಂದ. ಆಮೇಲೆ ಜಡ್ಜ್ ಪ್ರೂಯಿಟ್ ಅವಳನ್ನು ಕರೆಸಿದರು. ಸೊಂಟನೋವಿನಿಂದ ಕುರ್ಚಿಯಲ್ಲಿ ಓರೆಯಾಗಿ ಕೂರುತ್ತಿದ್ದ ಮುದುಕರು.

"ಶುಕ್ರವಾರ ಬೆಳಿಗ್ಗೆ ಹತ್ತು ಹೆಸರು ಹೇಳಮ್ಮ. ಸಣ್ಣ ಕಳವು, ದಂಡ ಕಟ್ಟದೋರು, ತಾರೀಖಿಗೆ ಬರದೋರು. ಯಾರ ಮೇಲೂ ಕೈ ಮಾಡಿರಬಾರದು. ನಾನು ಬಿಡುಗಡೆಗೆ ಸಹಿ ಹಾಕ್ತೀನಿ. ಯಾರು ಎಂಥೋರು ಅಂತ ನಿನಗಿಂತ ಚೆನ್ನಾಗಿ ಗೊತ್ತಿರೋರು ಇನ್ಯಾರಿದಾರೆ?"

ಒಂಬತ್ತು ಹೆಸರು ಕಷ್ಟವಾಗಲಿಲ್ಲ. ಕುಡಿದು ಬೇಲಿ ಮುರಿದವನು, ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದವಳು, ಬಿಟ್ಟ ಹೆಂಡಿರಿಗೆ ಮಕ್ಕಳ ಖರ್ಚಿನ ಹಣ ಕೊಡದ ಅಣ್ಣತಮ್ಮಂದಿರು, ಇಂಥವರು. ಮನೆ ಇದ್ದವರು, ಕಾಯುವವರು ಇದ್ದವರು. ಆ ನಿಯಮಕ್ಕೆ ಸರಿಹೊಂದುವವರು ಇನ್ನಿಬ್ಬರೇ ಉಳಿದಿದ್ದರು. ಇಬ್ಬರ ವಿಷಯದಲ್ಲೂ, ಬಿಡಬೇಡ ಎಂದು ಅವಳನ್ನು ಬೇಡುವವರಿದ್ದರು.

ಮೊದಲನೆಯವನು ಕೋಲ್ಬಿ, ವರ್ನಾಳ ತಂಗಿ ನೆಡ್ರಾಳ ಮಗ. ಇಪ್ಪತ್ತಾರು ವರ್ಷ. ತಾಯಿಯ ಮನೆಯಿಂದ ಜನರೇಟರು, ಮರ ಕೊಯ್ಯುವ ಮೋಟಾರು ಗರಗಸ ಕದ್ದು ಮಾರಿ, ಆ ದುಡ್ಡಿನಲ್ಲಿ ಫೆಂಟನಿಲ್ ಎಂಬ ಮಾದಕ ಪುಡಿ ಕೊಂಡಿದ್ದ. ದೂರು ಕೊಟ್ಟವಳು ನೆಡ್ರಾಳೇ. ಗರಗಸದ ಸಿಟ್ಟಿಗಲ್ಲ. ಸ್ನಾನದ ಕೋಣೆಯ ಬಾಗಿಲು ಒಡೆದು, ತುಟಿ ನೀಲಿಗಟ್ಟಿ ಬಿದ್ದಿದ್ದ ಮಗನನ್ನು ಎರಡು ಸಲ ಬದುಕಿಸಿಕೊಂಡಿದ್ದಳು. ಮೂರನೆಯ ಸಲಕ್ಕೆ ತನಗೆ ಧೈರ್ಯ ಸಾಲದೆಂದು ಅವನನ್ನು ಜೈಲಿಗೆ ಹಾಕಿಸಿದಳು. ಆ ಬೆಟ್ಟಗಳಲ್ಲಿ ಹಾಗೆ ಮಾಡಿದ ತಾಯಿ ಅವಳೊಬ್ಬಳೇ ಅಲ್ಲ. ಮಕ್ಕಳನ್ನು ಹಿಡಿಸಿಕೊಟ್ಟು, ಜಾಮೀನು ಕಟ್ಟದೆ, ಅವತ್ತು ರಾತ್ರಿ ಮಾತ್ರ ಕಣ್ಣು ಮುಚ್ಚಿ ನಿದ್ದೆ ಮಾಡುವ ತಾಯಂದಿರು ಹಳ್ಳ ಹಳ್ಳಕ್ಕೊಬ್ಬರಿದ್ದರು. ಜೈಲು ತುಂಬಿದ್ದು ಅರ್ಧ ಹಾಗೆಯೇ.

ಹೊರಗೆ ಬಿಡುವುದೇ ಅಪಾಯ. ಒಳಗೆ ಎರಡು ತಿಂಗಳು ಪುಡಿ ಇಲ್ಲದೆ ಇದ್ದ ಮೈ ಅದನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದವನು ಮೊದಲಿನಷ್ಟೇ ಪ್ರಮಾಣ ತೆಗೆದುಕೊಂಡರೆ ಮುಗಿಯಿತು. ಹೋದ ವರ್ಷ ವರ್ನಾ ತಾನೇ ಬೀಗ ತೆಗೆದು ಕಳಿಸಿದವರಲ್ಲಿ ಆರು ಜನರ ಮಣ್ಣಿಗೆ ಹೋಗಿಬಂದಿದ್ದಳು.

ಬುಧವಾರ ಬೆಳಿಗ್ಗೆ ನೆಡ್ರಾ ಜೈಲಿನ ಅಡುಗೆಮನೆಯ ಹಿಂಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಚೀಲ ಟೊಮೆಟೊ.

"ಅಕ್ಕಾ, ಹತ್ತು ಜನಾನ ಬಿಡ್ತಾರಂತೆ?"

"ಊರಿಗೆಲ್ಲ ಆಗ್ಲೇ ಗೊತ್ತಾಯ್ತಾ?"

"ಕೋಲ್ಬಿ ಹೆಸರು ಬರೀಬೇಡ."

"ನೆಡ್ರಾ, ಅವನದು ಒಳಗಿರೋದ್ರಲ್ಲೇ ಹಗುರವಾದ ಕೇಸು. ತಂಗಿ ಮಗ ಅಂತ ಉಳಿಸ್ಕೊಂಡ್ರೆ ಜನ ಏನಂತಾರೆ?"

"ಜನ! ನಿನಗೆ ಓಟಿನ ಚಿಂತೆ. ನನಗೆ ಹೆಣದ ಪೆಟ್ಟಿಗೆಯ ಚಿಂತೆ."

"ಹಾಗೆಲ್ಲ ಮಾತಾಡ್ಬೇಡ ಕಣೆ. ಅವನು ಎಲ್ಲಿ ಮಲಗ್ತಾನೆ ಗೊತ್ತಾ ನಿನಗೆ? ಕಕ್ಕಸಿನ ಪಕ್ಕ. ಮೇಲೆ ಹೋಗೋರ ಚಪ್ಪಲಿ ಅವನ ಮುಖದ ಮೇಲೆ. ನಿನ್ನೆ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿದ, ಜಾಗಕ್ಕೋಸ್ಕರ. ಇಲ್ಲೇನು ಕ್ಷೇಮ ಅಂದ್ಕೊಂಡಿದೀಯ?"

"ಕಿವಿ ಹೋದ್ರೆ ಹೋಗ್ಲಿ" ಎಂದಳು ನೆಡ್ರಾ. "ಉಸಿರಾಡ್ತಾನಲ್ಲ, ಸಾಕು. ನಿನ್ನ ಕಾಲು ಹಿಡ್ಕೋತೀನಿ ಅಕ್ಕಾ."

ನಿಜವಾಗಿ ಬಗ್ಗಿದಳು. ವರ್ನಾ ಅವಳ ತೋಳು ಹಿಡಿದು ಮೇಲೆತ್ತಿದಳು. ಟೊಮೆಟೊ ಉರುಳಿ ಒಲೆಯ ಕೆಳಗೆ ಹೋದವು. ಅಕ್ಕತಂಗಿ ಇಬ್ಬರೂ ಮಂಡಿಯೂರಿ ಅವನ್ನು ಹೆಕ್ಕಿದರು.

ಎರಡನೆಯವಳು ಟ್ರೀನಾ ಫ್ಯುಗೇಟ್. ಮೂವತ್ತೊಂದು ವರ್ಷ, ಮುಂದಿನ ಹಲ್ಲು ಒಂದಿಲ್ಲ. ಅಂಗಡಿಯಲ್ಲಿ ಸಾಬೂನು ಕದ್ದದ್ದು, ತಾರೀಖಿಗೆ ಬಾರದೇ ಇದ್ದದ್ದು ಅವಳ ಅಪರಾಧ. ಅವಳ ಪರವಾಗಿ ಬೇಡಲು ತಾಯಿಯಿರಲಿಲ್ಲ. ತನ್ನ ಪರವಾಗಿ ತಾನೇ ಬೇಡಿದಳು. ಹಜಾರ ಒರೆಸುತ್ತಿದ್ದವಳು ವರ್ನಾ ಬಂದದ್ದು ಕಂಡು ಕೋಲು ಗೋಡೆಗೆ ಒರಗಿಸಿದಳು.

"ವರ್ನಕ್ಕಾ, ಬೇರೆಯೋರು ಬಾಗಿಲು ತೆಗೀರಿ ಅಂತಾರೆ. ನಾನು ಹಾಕೇ ಇರಿ ಅಂತೀನಿ. ನಗಬೇಡಿ."

"ನಗ್ತಿಲ್ಲಮ್ಮ. ಹೇಳು."

"ನಮ್ಮ ಕೆಂಟಕಿಯ ಲಂಡನ್ ಊರಿನ ಆಚೆ ಹೆಂಗಸರ ಚಟ ಬಿಡಿಸೋ ಚಿಕಿತ್ಸೆ ಮನೆ ಇದೆಯಲ್ಲ, ಅಲ್ಲಿ ನನಗೊಂದು ಹಾಸಿಗೆ ಇಟ್ಟಿದಾರೆ. ಮುಂದಿನ ತಿಂಗಳು ಮೊದಲನೇ ಸೋಮವಾರಕ್ಕೆ ಖಾಲಿ ಆಗುತ್ತೆ. ಅಲ್ಲೀವರೆಗೂ ಇಲ್ಲೇ ಬಿದ್ದಿರ್ತೀನಿ. ಮಂಚ ಬೇಡ. ದೋಣೀನೂ ಬೇಡ, ಬಕೆಟ್ಟಿನ ಕೋಣೇಲಿ ಕೂತ್ಕೊಂಡೇ ಮಲಗ್ತೀನಿ."

"ಹೊರಗೆ ಯಾರೂ ಇಲ್ವಾ?"

"ಇದಾನೆ ಒಬ್ಬ. ಅವನ ಹತ್ರಾನೇ ಪುಡಿ ಇರೋದು." ಟ್ರೀನಾ ನಕ್ಕಳು, ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನನ್ನ ನಂಬಬೇಡಿ ಅಕ್ಕಾ. ನನಗೇ ನನ್ನ ಮೇಲೆ ನಂಬಿಕೆ ಇಲ್ಲ. ನಿಮ್ಮ ಬೀಗದ ಮೇಲೆ ಇದೆ."

ವರ್ನಾ ಇಡೀ ಗುರುವಾರ ಫೋನು ಹಿಡಿದು ಕೂತಳು. ಅಕ್ಕಪಕ್ಕದ ಏಳು ಕೌಂಟಿಗಳ ಜೈಲರ್‌ಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಟ್ರೀನಾ ಒಬ್ಬಳಿಗೆ ಮಾತ್ರ ಜಾಗ ಬೇಕು, ಹದಿನೈದು ದಿನಕ್ಕೆ; ಸಿಕ್ಕರೆ ಇಬ್ಬರಲ್ಲಿ ಯಾರನ್ನೂ ಹೊರಗೆ ಬಿಡಬೇಕಿರಲಿಲ್ಲ. ನಾಲ್ಕು ಕಡೆ ನೆಲವೂ ತುಂಬಿತ್ತು. ಎರಡು ಕಡೆ ಹೆಂಗಸರ ಕೋಣೆಯೇ ಇರಲಿಲ್ಲ. ಉಳಿದೊಬ್ಬ, ಎಸ್ಟಿಲ್‌ನ ಹಳೆಯ ಗೆಳೆಯ, ಜಾಗ ಇದೆ ಎಂದ. ವರ್ನಾ ಗ್ರೇಡಿಯನ್ನು ಕೇಳಿದರೆ ಅವನು, "ಹೊರಗೆ ಕಳಿಸೋಕೆ ಒಂದು ಡಾಲರ್ ಸಹ ಇಲ್ಲ, ಹೋದ ತಿಂಗಳ ಬಾಕಿಯೇ ಕಟ್ಟಿಲ್ಲ" ಎಂದ. ತನ್ನ ಸಂಬಳದಿಂದ ಕೊಡುತ್ತೇನೆ ಎಂದಳು. ಜೈಲರ್ ಕೈಯಿಂದ ದುಡ್ಡು ಹಾಕಿ ಕೈದಿಯನ್ನು ಇರಿಸುವುದು ಕಾನೂನಿನಲ್ಲಿ ಇಲ್ಲ ಎಂದ. ಅದೂ ನಿಜವೇ.

ಸಂಜೆ ಊಟದ ತಟ್ಟೆ ಕೊಡುವಾಗ ಕೋಲ್ಬಿ ಕಿಂಡಿಗೆ ಬಾಯಿಟ್ಟು ಪಿಸುಗುಟ್ಟಿದ: "ದೊಡ್ಡಮ್ಮಾ, ನನ್ನ ಹೆಸರು ಇದೆಯಲ್ಲಾ? ಇಲ್ಲಿ ತಲೆ ಕೆಟ್ಟುಹೋಗುತ್ತೆ. ನಿನ್ನೆಯಿಂದ ನಿಂತೇ ಇದೀನಿ, ನನ್ನ ದೋಣೀಲಿ ಬೇರೆಯವನು ಮಲಗಿದಾನೆ. ಹೊರಗೆ ಬಂದ್ರೆ ಗುಡ್ಡದ ಮೇಲಿನ ಡೆಂಟನ್ ಹತ್ರ ಕೆಲಸಕ್ಕೆ ಹೋಗ್ತೀನಿ. ಆಣೆ."

ಅವನ ಕೆನ್ನೆ ತುಂಬಿಕೊಂಡಿತ್ತು. ಕಣ್ಣು ತಿಳಿಯಾಗಿದ್ದವು. ಎಷ್ಟೋ ವರ್ಷದ ಮೇಲೆ ಅವನು ಅವನ ಹಾಗೆ ಕಾಣುತ್ತಿದ್ದ. ವರ್ನಾ ತಟ್ಟೆ ಒಳಗೆ ತಳ್ಳಿದಳು. "ನೋಡೋಣ ಮಗಾ" ಎಂದು ಕಿಂಡಿ ಮುಚ್ಚಿದಳು.

ಆದರೂ ಅವಳು ನ್ಯಾಯವಾಗಿಯೇ ತೀರ್ಮಾನ ಮಾಡಿದ್ದಳು. ಕೋಲ್ಬಿಗೆ ತಾಯಿ ಇದ್ದಾಳೆ, ಮನೆ ಇದೆ, ಬಾಗಿಲು ಕಾಯುವವರಿದ್ದಾರೆ. ಟ್ರೀನಾಳಿಗೆ ಬೀಗ ಬಿಟ್ಟರೆ ಬೇರೇನಿಲ್ಲ. ಹತ್ತನೆಯವನು ಕೋಲ್ಬಿ. ಶುಕ್ರವಾರ ಕೋರ್ಟಿನ ಮೆಟ್ಟಿಲು ಹತ್ತುವಾಗ ಅವಳ ಮನಸ್ಸು ಅಲ್ಲಾಡಿರಲಿಲ್ಲ.

ಜಡ್ಜ್ ಪ್ರೂಯಿಟ್ ಒಂದೊಂದೇ ಹೆಸರಿಗೆ ಸಹಿ ಹಾಕುತ್ತ ಬಂದರು. ಒಂಬತ್ತಾಯಿತು. ವರ್ನಾ "ಕೋಲ್ಬಿ" ಎನ್ನುವಷ್ಟರಲ್ಲಿ ಸರ್ಕಾರಿ ವಕೀಲ ಎದ್ದು ನಿಂತ.

"ಸ್ವಾಮೀ, ಆ ಹುಡುಗನ ಕೇಸು ನಿನ್ನೆ ಬದಲಾಗಿದೆ. ಅವನ ತಾಯಿ ಬಂದು ಇನ್ನೊಂದು ದೂರು ಕೊಟ್ಟಿದಾರೆ. ಒಂದು ಚಿನ್ನದ ಉಂಗುರಾನೂ ಕದ್ದಿದಾನಂತೆ. ಎಲ್ಲ ಸೇರಿದ್ರೆ ಸಾವಿರ ಡಾಲರ್ ದಾಟುತ್ತೆ. ಅಂದ್ರೆ ದೊಡ್ಡ ಕಳವು. ಇವತ್ತು ಬಿಡೋ ಹಾಗಿಲ್ಲ."

ಹಿಂದಿನ ಬೆಂಚಿನಲ್ಲಿ ನೆಡ್ರಾ ಕೂತಿದ್ದಳು, ಚರ್ಚಿಗೆ ಹಾಕುವ ನೀಲಿ ಉಡುಪಿನಲ್ಲಿ. ಜಡ್ಜ್ ಅವಳನ್ನು ಮುಂದೆ ಕರೆದು ಪ್ರಮಾಣ ಮಾಡಿಸಿದರು.

"ಯಾವ ಉಂಗುರಾನಮ್ಮಾ?"

"ನಮ್ಮೆಜಮಾನ್ರದು. ಇಪ್ಪತ್ತು ವರ್ಷ ಒಂದು ಅಪಘಾತ ಇಲ್ಲದೆ ಗಣಿ ಒಳಗೆ ದುಡಿದ್ರು ಅಂತ ಕಂಪನಿಯೋರು ಕೊಟ್ಟಿದ್ದು. ನಡುವೆ ಸಣ್ಣದೊಂದು ವಜ್ರ."

"ಮಗ ಕದ್ದ ಅಂತ ನಿಮಗೆ ಖಾತ್ರಿನಾ?"

"ಖಾತ್ರಿ."

ಆ ಉಂಗುರ ಎಲ್ಲಿದೆಯೆಂದು ವರ್ನಾಳಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ನೆಡ್ರಾಳ ಗಂಡನ ಹೆಣಕ್ಕೆ ಬಟ್ಟೆ ತೊಡಿಸಿದವರು ಅವರಿಬ್ಬರೇ. ಬೆರಳು ಊದಿತ್ತು. ಉಂಗುರ ಗಿಣ್ಣು ದಾಟದೆ ನಿಂತಾಗ ವರ್ನಾಳೇ ಸಾಬೂನು ಹಚ್ಚಿ ಮೆಲ್ಲಗೆ ತಿರುಗಿಸುತ್ತ ಒಳಗೆ ತಳ್ಳಿದ್ದಳು. ಅದು ಗುಡ್ಡದ ಮೇಲಿನ ಸ್ಮಶಾನದಲ್ಲಿ, ಆರಡಿ ಮಣ್ಣಿನ ಕೆಳಗೆ, ಯಜಮಾನನ ಬೆರಳಿನಲ್ಲೇ ಇತ್ತು.

ನೆಡ್ರಾ ತಿರುಗಿ ಅಕ್ಕನನ್ನು ನೋಡಿದಳು. ಬೇಡಲಿಲ್ಲ, ಕಣ್ಣೀರು ತರಲಿಲ್ಲ. ಬಾವಿಕಟ್ಟೆಯ ಅಂಚಿನಲ್ಲಿ ನಿಂತವರು ನೋಡುವ ಹಾಗೆ ನೋಡಿದಳು.

ದೊಡ್ಡ ಕಳವಿನ ಗುರುತು ಬಿದ್ದರೆ ಹುಡುಗನ ಬದುಕು ಏನಾಗುತ್ತದೆಂದು ವರ್ನಾಳಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಅಂಥವನನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಓಟು ಹೋಗುತ್ತದೆ, ಬಂದೂಕಿನ ಹಕ್ಕು ಹೋಗುತ್ತದೆ, ಬಾಡಿಗೆ ಮನೆ ಸಿಗುವುದಿಲ್ಲ. ನೆಡ್ರಾ ಆಸ್ಪತ್ರೆಯಲ್ಲಿ ನೆಲ ತೊಳೆದು ದುಡಿಯುತ್ತಿದ್ದವಳು; ಅಲ್ಲಿ ನೆಲ ತೊಳೆಯಲೂ ಅಂಥ ಗುರುತು ಇದ್ದವರನ್ನು ಸೇರಿಸುತ್ತಿರಲಿಲ್ಲ. ಅವಳಿಗೂ ಇದೆಲ್ಲ ಗೊತ್ತಿರಲಿಲ್ಲ ಎನ್ನಲಾಗದು. ಗೊತ್ತಿದ್ದೇ ಬಂದಿದ್ದಳು. ವರ್ನಾ ಬಾಯಿ ಬಿಟ್ಟರೆ ಮಗ ಸಂಜೆಗೆ ಹೊರಗೆ, ತಾಯಿ ಸುಳ್ಳು ಪ್ರಮಾಣಕ್ಕೆ ಒಳಗೆ.

"ವರ್ನಾ, ನಿನಗೇನಾದ್ರೂ ಹೇಳೋದಿದೆಯಾ?" ಎಂದರು ಜಡ್ಜ್. ಅವರು ಸುಮ್ಮನೆ ಕೇಳಿದ್ದು, ಹತ್ತನೆಯ ಹೆಸರಿಗಾಗಿ.

ಒಂದೇ ಒಂದು ಮಾತು ಸಾಕಿತ್ತು. ಅದು ಅವಳ ನಾಲಿಗೆಯ ತುದಿವರೆಗೂ ಬಂತು.

"ಟ್ರೀನಾ ಫ್ಯುಗೇಟ್" ಎಂದಳು.

ಟ್ರೀನಾ ಕೂಗಾಡಲಿಲ್ಲ. ಕಾಗದದ ಚೀಲದಲ್ಲಿ ತನ್ನ ಬಟ್ಟೆ ಹಿಡಿದು ಹಿಂಬಾಗಿಲಲ್ಲಿ ನಿಂತು, ಹಳೆಯ ಕಾವಲುಗಾರ ಹೋಬರ್ಟ್‌ನನ್ನು, "ಸಾಬೂನು ಕದ್ರೆ ಇಷ್ಟೇ ದಿನಾನಾ? ಏನು ಕದ್ರೆ ಇನ್ನೊಂದಿಷ್ಟು ದಿನ ಇಟ್ಕೋತೀರಿ?" ಎಂದು ಕೇಳಿದಳು. ಹೋಬರ್ಟ್ ಯಾವುದಕ್ಕೂ ತಮಾಷೆ ಮಾಡುವವನು. ಆ ಹೊತ್ತು ಅವನು ಅವಳ ಚೀಲ ಇಸಿದುಕೊಂಡು ಬಾಗಿಲು ಹಿಡಿದ.

ವರ್ನಾ ಅವಳನ್ನು ತನ್ನ ಟ್ರಕ್ಕಿನಲ್ಲಿ ಕೂರಿಸಿಕೊಂಡು ಮನೆಗೆ ಕರೆದೊಯ್ದಳು. ಎಸ್ಟಿಲ್ ಕೂರುತ್ತಿದ್ದ ಕೋಣೆಯಲ್ಲಿ ಹಾಸಿಗೆ ಹಾಸಿದಳು. ಮನೆಯಲ್ಲಿ ಜಾಗಕ್ಕೆ ಕೊರತೆಯಿರಲಿಲ್ಲ. ಕಾಯುವ ಜನ ಇರಲಿಲ್ಲ. ಜೈಲಿನಲ್ಲಿ ಇಬ್ಬರು ಕಾವಲುಗಾರರು ಆ ತಿಂಗಳೇ ಕೆಲಸ ಬಿಟ್ಟಿದ್ದರು. ವರ್ನಾ ದಿನಕ್ಕೆ ಹದಿನಾರು ತಾಸು ಅಲ್ಲೇ ಇರಬೇಕಿತ್ತು. ಅವಳು ನೇರ ತಂಗಿಯ ಮನೆಗೆ ಹೋದಳು.

"ನಿನ್ನ ಮಗನನ್ನ ಉಳಿಸ್ಕೊಂಡೆ. ಉಂಗುರದ ವಿಷಯ ನಾನು ಸಾಯೋವರೆಗೂ ಬಾಯಿ ಬಿಡಲ್ಲ. ಈಗ ನೀನು ಒಂದು ಕೆಲಸ ಮಾಡು. ನಾನಿಲ್ಲದಾಗ ಆ ಹುಡುಗಿ ಜೊತೆ ಕೂತ್ಕೊ. ಆ ಚಿಕಿತ್ಸೆ ಮನೆಯ ಹಾಸಿಗೆ ಖಾಲಿಯಾಗೋವರೆಗೂ. ಕಣ್ಣು ತಪ್ಪಿಸ್ಬೇಡ."

"ಕೂತ್ಕೋತೀನಿ ಅಕ್ಕಾ. ದೇವರಾಣೆ" ಎಂದಳು ನೆಡ್ರಾ.

ಶನಿವಾರ ಅವಳು ಮಾತು ಉಳಿಸಿಕೊಂಡಳು. ಇಬ್ಬರೂ ಸೇರಿ ಬೀನ್ಸ್ ಬಿಡಿಸಿದರು. ಟ್ರೀನಾ ನೆಡ್ರಾಳ ಕೂದಲು ಹೆಣೆದಳು. "ನಮ್ಮಮ್ಮ ಇದ್ದಿದ್ರೆ ಹೀಗೇ ಹೆಣೆಸ್ಕೋತಿದ್ಲು" ಎಂದಳಂತೆ. ಭಾನುವಾರವೂ ನೆಡ್ರಾ ಮಧ್ಯಾಹ್ನದವರೆಗೆ ಕೂತಿದ್ದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಭಾನುವಾರ ಮಧ್ಯಾಹ್ನ ಜೈಲಿನಲ್ಲಿ ಮಕ್ಕಳನ್ನು ನೋಡುವ ಹೊತ್ತು. ಗಾಜಿನ ಆಚೆ ಈಚೆ ಕೂತು, ಫೋನಿನಲ್ಲಿ, ಇಪ್ಪತ್ತು ನಿಮಿಷ. ಒಂದು ವಾರ ತಪ್ಪಿದರೆ ಮುಂದಿನ ವಾರದವರೆಗೆ ಇಲ್ಲ. ಈ ವಾರ ಅವಳು ಮಗನಿಗೆ ಹೇಳಬೇಕಾದ್ದೂ ಇತ್ತು.

"ಹೋಗ್ಬನ್ನಿ, ನಾನೇನು ಮಗೂನಾ? ಈ ಬೀನ್ಸ್ ಮುಗಿಸಿರ್ತೀನಿ" ಎಂದಳಂತೆ ಟ್ರೀನಾ.

ನೆಡ್ರಾ ಹೋದಳು. ಬೀಗ ಹಾಕಿ ಹೋಗೋಣವೆನಿಸಿತಂತೆ. ಮನುಷ್ಯರನ್ನು ಮನೆಯೊಳಗೆ ಕೂಡಿ ಬೀಗ ಹಾಕುವುದು ಹೇಗೆಂದು ಸುಮ್ಮನಾದಳಂತೆ.

ಗಾಜಿನ ಆಚೆ ಕೋಲ್ಬಿ ಮೊದಲು ನಗುತ್ತ ಕೂತ. ತಾಯಿ ಉಂಗುರದ ಮಾತು ಹೇಳಿದಾಗ ಅವನ ಮುಖ ಖಾಲಿಯಾಯಿತು. "ಅಪ್ಪನ ಜೊತೆ ಹೂತಿದ್ದಲ್ವಾ ಅದು? ನಾನು ಮಾಡದಿದ್ದನ್ನ ನನ್ನ ತಲೆ ಮೇಲೆ ಹಾಕಿದ್ಯಲ್ಲಮ್ಮ. ಮಾಡಿದ್ದೇ ಸಾಲ್ದಾಗಿತ್ತಾ?" ಎಂದ. ಫೋನು ಇಟ್ಟುಬಿಟ್ಟ. ಇನ್ನೂ ಸಮಯ ಬಾಕಿಯಿತ್ತು. ನೆಡ್ರಾ ಅದು ಮುಗಿಯುವವರೆಗೂ ಗಾಜಿಗೆ ಕೈ ಒತ್ತಿಕೊಂಡು ಕೂತಳು, ಎದ್ದು ಹೋದವನು ತಿರುಗಿ ಬರಲಿಲ್ಲ.

ಅವಳು ವಾಪಸು ಬಂದಾಗ ಬೀನ್ಸ್ ಅರ್ಧ ಬಿಡಿಸಿದ್ದು ಮೇಜಿನ ಮೇಲಿತ್ತು. ಟ್ರೀನಾ ಇರಲಿಲ್ಲ. ವರ್ನಾ ಟ್ರಕ್ಕು ಹತ್ತಿ ಹಳ್ಳದ ದಾರಿಯುದ್ದಕ್ಕೂ ಹುಡುಕಿದಳು. ಹೋಬರ್ಟ್ ಹೆದ್ದಾರಿಯ ಕಡೆ ಹೋದ. ಸಿಕ್ಕಿದ್ದು ಹೋಬರ್ಟ್‌ಗೆ, ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ. ಅವನ ಜೇಬಿನಲ್ಲಿ ಪುಡಿಯ ವಿಷ ಇಳಿಸಲು ಮೂಗಿಗೆ ಹೊಡೆಯುವ ಔಷಧಿ ಇತ್ತು. ಎರಡು ಡಬ್ಬಿ ಹೊಡೆದ. ಆದರೆ ಹೊತ್ತು ಮೀರಿತ್ತು.

ಮಣ್ಣಿನ ದಿನ ಐದು ಜನ ಬಂದಿದ್ದರು, ಪಾದ್ರಿಯೂ ಸೇರಿ. ನೆಡ್ರಾ ಬಂದು ಹಿಂದೆ ನಿಂತಳು. ಮುಗಿದ ಮೇಲೆ ಅಕ್ಕನ ಹತ್ತಿರ ಬಂದು, "ನಾನು ಎರಡು ತಾಸು ಹೋಗಿದ್ದು ಅಷ್ಟೆ" ಎಂದಳು.

"ಗೊತ್ತು" ಎಂದಳು ವರ್ನಾ. "ಹೆಸರು ಹೇಳಿದ್ದು ನಾನು."

ಇನ್ಸ್‌ಪೆಕ್ಟರ್ ಜೈಲಿಗೆ ಬೀಗ ಹಾಕಲಿಲ್ಲ. ಶುಕ್ರವಾರ ಸಂಜೆ ಎಣಿಸಿ ಸರಿಯಿದೆ ಎಂದು ಹೋದ. ಮೂರು ವಾರ ತುಂಬುವುದರೊಳಗೆ ತಲೆಗಳು ಎಪ್ಪತ್ತೊಂಬತ್ತಾದವು. ಚಿಕಿತ್ಸೆ ಮನೆಯ ಆ ಹಾಸಿಗೆ ಬೇರೆ ಕೌಂಟಿಯ ಒಬ್ಬಳಿಗೆ ಹೋಯಿತು. ಕೋಲ್ಬಿ ತಾನು ಮಾಡದ ಕಳವನ್ನು ಒಪ್ಪಿಕೊಂಡ. ಅಲ್ಲವೆಂದರೆ ತಾಯಿ ಜೈಲಿಗೆ ಹೋಗುತ್ತಾಳೆಂದು ಅವನ ವಕೀಲ ಹೇಳಿದ್ದ. ಒಂದು ವರ್ಷದ ಶಿಕ್ಷೆಯಾಯಿತು, ಅದೇ ಜೈಲಿನಲ್ಲಿ. ಅಂದಿನಿಂದ ಅವನು ತಾಯಿಯನ್ನು ನೋಡಲು ಗಾಜಿನ ಹತ್ತಿರ ಬರುವುದಿಲ್ಲ. ಅವನು ಬದುಕಿದ್ದಾನೆ. ಟ್ರೀನಾ ಇಲ್ಲ.